ತೂಕ ಇಳಿಕೆ ಶಸ್ತ್ರಚಿಕಿತ್ಸೆಯ ನಂತರದ ಆರೋಗ್ಯ ಸಮಸ್ಯೆಗಳು

ಬೊಜ್ಜನ್ನೂ ಅದರ ಬೆನ್ನಿಗೆ ಬರುವ ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ ಮೊದಲಾದವನ್ನೂ ತಗ್ಗಿಸಲು ಜಠರದ ಗಾತ್ರವನ್ನೋ ಆಹಾರ ಸಾಗುವ ಹಾದಿಯನ್ನೋ ಬದಲಿಸುವ ಶಸ್ತ್ರಚಿಕಿತ್ಸೆಗೆ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎಂದು ಹೆಸರು. ಇದಾದ ಮೇಲೆ ಹಳೆಯ ಕಾಯಿಲೆಗಳು ಹಿಂದೆ ಸರಿಯುತ್ತವೆ. ಆದರೆ ಕೆಲವರಲ್ಲಿ ಮೊದಲಿಲ್ಲದ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ರಕ್ತಹೀನತೆ, ಪಿತ್ತಕೋಶದ ಕಲ್ಲು, ಊಟವಾದ ಮೇಲೆ ಸಕ್ಕರೆ ಕುಸಿಯುವುದು, ಕರುಳು ಸಿಕ್ಕಿಕೊಳ್ಳುವುದು, ಮೂಳೆ ಸವೆಯುವುದು, ನರದೌರ್ಬಲ್ಯ, ಮದ್ಯದ ಚಟ ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಹೆಚ್ಚಿನವು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಪರಿಚಿತ. ಯಾವುದು ಯಾವಾಗ ಬರುತ್ತದೆ, ಏಕೆ ಬರುತ್ತದೆ, ಹೇಗೆ ತಡೆಯಬೇಕು ಎಂಬುದೂ ಬಹುಮಟ್ಟಿಗೆ ತಿಳಿದಿದೆ. ಆದರೂ ಜನರಿಗೆ ಕೇಡಾಗುತ್ತಿದ್ದರೆ ಅದಕ್ಕೆ ದೊಡ್ಡ ಕಾರಣ, ಶಸ್ತ್ರಚಿಕಿತ್ಸೆ ಮಾಡಿದ ತಂಡಕ್ಕೂ ವರ್ಷಗಳ ನಂತರ ರೋಗಿಯನ್ನು ನೋಡುವ ಊರಿನ ವೈದ್ಯರಿಗೂ ನಡುವೆ ಮಾಹಿತಿಯ ಕೊಂಡಿ ತಪ್ಪಿಹೋಗಿರುವುದು.

ಹಿನ್ನೆಲೆ

ಈ ಚಿಕಿತ್ಸೆಯ ಚರಿತ್ರೆಯೇ ಅಡ್ಡಪರಿಣಾಮಗಳಿಂದ ಕಲಿತ ಚರಿತ್ರೆ. 1950ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಜೆಜುನೊ-ಇಲಿಯಲ್ ಬೈಪಾಸ್ ಎಂಬ ವಿಧಾನ ಶುರುವಾಯಿತು. ಸುಮಾರು ಆರು ಮೀಟರಿನಷ್ಟಿರುವ ಸಣ್ಣ ಕರುಳಿನಲ್ಲಿ ಅರ್ಧ ಮೀಟರಿನಷ್ಟನ್ನು ಮಾತ್ರ ಆಹಾರದ ದಾರಿಯಲ್ಲಿ ಉಳಿಸಿ ಮಿಕ್ಕಿದ್ದನ್ನು ಬದಿಗಿಡುತ್ತಿದ್ದರು. ತೂಕವೇನೋ ಇಳಿಯಿತು. ಆದರೆ ಹಲವರು ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಕೀಲುನೋವು, ಪಿತ್ತಜನಕಾಂಗದ ವೈಫಲ್ಯಕ್ಕೆ ತುತ್ತಾದರು. 1980ರ ಹೊತ್ತಿಗೆ ಆ ವಿಧಾನವನ್ನು ಬಹುತೇಕ ಕೈಬಿಡಲಾಯಿತು. ಎಷ್ಟೋ ಜನರ ಕರುಳನ್ನು ಮತ್ತೆ ಮೊದಲಿನಂತೆ ಜೋಡಿಸಬೇಕಾಯಿತು.

ಅಯೋವ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಬೇರೆ ದಾರಿ ಹಿಡಿದರು. ಹುಣ್ಣಿಗಾಗಿ ಜಠರದ ಒಂದು ಭಾಗ ತೆಗೆಸಿಕೊಂಡ ಹೆಂಗಸರು ಆಮೇಲೆ ದಪ್ಪವಾಗದಿರುವುದನ್ನು ಗಮನಿಸಿ, 1960ರ ದಶಕದ ನಡುವಿನಲ್ಲಿ ಚಿಕಾಶಿ ಇಟೊ ಅವರೊಡನೆ ಗ್ಯಾಸ್ಟ್ರಿಕ್ ಬೈಪಾಸನ್ನು ರೂಪಿಸಿದರು. ಇಂದಿನ ಬೈಪಾಸಿನಲ್ಲಿ ಜಠರದ ಮೇಲ್ಭಾಗದಲ್ಲಿ 15ರಿಂದ 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಕರುಳನ್ನು ವೈ ಅಕ್ಷರದ ಆಕಾರದಲ್ಲಿ ಸೇರಿಸುವ ಈ ಕ್ರಮಕ್ಕೆ ಸ್ವಿಟ್ಜರ್ಲೆಂಡಿನ ಸೀಜರ್ ರೂ ಅವರ ಹೆಸರಿದೆ. 1994ರಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಇದನ್ನು ಲ್ಯಾಪರೊಸ್ಕೋಪಿ ಮೂಲಕ ಮಾಡಿದ್ದನ್ನು ವರದಿ ಮಾಡಿದ ಮೇಲೆ, ಹೊಟ್ಟೆ ಪೂರ್ತಿ ಕೊಯ್ಯುವ ಕಾಲ ಹಿಂದಾಯಿತು. ಈಗ ಜಗತ್ತಿನಲ್ಲಿ ಅತಿ ಹೆಚ್ಚಾಗಿ ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದು ಕೊಳವೆಯಂಥದ್ದನ್ನು ಮಾತ್ರ ಉಳಿಸುವ ಕ್ರಮವಿದು. ಮೊದಲಿಗೆ ತೀರ ಅಪಾಯದಲ್ಲಿದ್ದವರಿಗೆ ದೊಡ್ಡ ಶಸ್ತ್ರಚಿಕಿತ್ಸೆಯ ಮೊದಲ ಹಂತವಾಗಿ ಇದನ್ನು ಮಾಡುತ್ತಿದ್ದರು. ಹಲವರಿಗೆ ಎರಡನೆಯ ಹಂತವೇ ಬೇಕಾಗದಷ್ಟು ತೂಕ ಇಳಿದದ್ದರಿಂದ ಇದೇ ಸ್ವತಂತ್ರ ಚಿಕಿತ್ಸೆಯಾಯಿತು. ಲೈಪೊಸಕ್ಷನ್ ಈ ಗುಂಪಿಗೆ ಸೇರುವುದಿಲ್ಲ. ಅದು ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆ. ಎರಡನ್ನೂ ಒಂದೇ ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ.

ತೊಂದರೆಗಳನ್ನು ಹೇಳಹೊರಟಾಗ ಲಾಭವನ್ನು ಮರೆಯಬಾರದು. 1987ರಲ್ಲಿ ಆರಂಭವಾದ ಸ್ವೀಡನ್ನಿನ ಎಸ್‌ಒಎಸ್ ಅಧ್ಯಯನ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ದಶಕಗಳ ಕಾಲ ಹಿಂಬಾಲಿಸಿತು. ಶಸ್ತ್ರಚಿಕಿತ್ಸೆ ಆದವರು, ಸಾಮಾನ್ಯ ಚಿಕಿತ್ಸೆಯಲ್ಲಿದ್ದ ಅಂಥದೇ ಬೊಜ್ಜಿನವರಿಗಿಂತ ಸುಮಾರು ಮೂರು ವರ್ಷ ಹೆಚ್ಚು ಬದುಕಿದರೆಂದು 2020ರಲ್ಲಿ ಅದು ವರದಿ ಮಾಡಿತು. ಅಮೆರಿಕದ ಲ್ಯಾಬ್ಸ್ ಅಧ್ಯಯನದಲ್ಲಿ ಮೊದಲ 30 ದಿನಗಳ ಸಾವಿನ ಪ್ರಮಾಣ ಶೇ. 0.3 ಇತ್ತು. ತಕ್ಕ ಕಾರಣವಿದ್ದು ಈ ಚಿಕಿತ್ಸೆ ಮಾಡಿಸಿಕೊಂಡವರು ತಪ್ಪು ಮಾಡಲಿಲ್ಲ. ಅವರಿಗೆ ಸಲ್ಲಬೇಕಾದ ಮುಂದಿನ ಆರೈಕೆ ಸಿಗುತ್ತಿದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಮೊದಲ ವಾರಗಳು

ಹೊಲಿಗೆ ಹಾಕಿದ ಜಾಗದಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗುವುದು, ಇವು ಆರಂಭದ ಅಪಾಯಗಳು. ಸೋರಿಕೆಯಾದಾಗ ಹೊಟ್ಟೆನೋವಿಗಿಂತ ಮುಂಚೆ ನಾಡಿಬಡಿತ ಏರುವುದುಂಟು. ದಪ್ಪ ದೇಹದಲ್ಲಿ ಹೊಟ್ಟೆ ಬಿಗಿಯುವ ಲಕ್ಷಣ ಸುಲಭವಾಗಿ ಕೈಗೆ ಸಿಗುವುದಿಲ್ಲ. ಆದ್ದರಿಂದ ಮನೆಗೆ ಬಂದ ಮೇಲೆ ನಾಡಿ ನಿಮಿಷಕ್ಕೆ 120 ದಾಟಿದರೆ, ಜ್ವರ, ಏದುಸಿರು, ಎಡಭುಜದ ನೋವು ಕಾಣಿಸಿದರೆ ಬೆಳಗಾಗಲಿ ಎಂದು ಕಾಯದೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಹೋಗಬೇಕು.

ಇದೇ ಹೊತ್ತಿನಲ್ಲಿ ಹಳೆಯ ಮಾತ್ರೆಗಳೂ ಅಪಾಯ ತರಬಲ್ಲವು. ಬೈಪಾಸ್ ಆದವರಲ್ಲಿ ತೂಕ ಇಳಿಯುವ ಮೊದಲೇ ಸಕ್ಕರೆ ಇಳಿಯುತ್ತದೆ. ಹಳೆಯ ಪ್ರಮಾಣದಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುತ್ತ ಹೋದರೆ ಸಕ್ಕರೆ ಕುಸಿಯುತ್ತದೆ. ಬಿಪಿ ಮಾತ್ರೆ ಹಾಗೆಯೇ ಮುಂದುವರಿದರೆ ಎದ್ದು ನಿಂತಾಗ ತಲೆ ಸುತ್ತಿ ಬೀಳುವಂತಾಗುತ್ತದೆ. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳು ಮೊಟಕಾದ ಹಾದಿಯಲ್ಲಿ ಪೂರ್ತಿ ಹೀರಿಕೆಯಾಗದೆ ಹೊರಬೀಳಬಹುದು. ಥೈರಾಯ್ಡ್, ಮೂರ್ಛೆರೋಗ, ಖಿನ್ನತೆಯ ಔಷಧಿಗಳ ಪ್ರಮಾಣವನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ. ಕಣ್ಣಿನ ರೆಟಿನಕ್ಕೆ ಈಗಾಗಲೇ ಸಕ್ಕರೆ ಕಾಯಿಲೆಯ ಪೆಟ್ಟು ಬಿದ್ದಿದ್ದರೆ, ಸಕ್ಕರೆ ಒಮ್ಮೆಲೇ ಇಳಿದಾಗ ಅದು ಕೆಲಕಾಲ ಉಲ್ಬಣಿಸಬಹುದು. ಕಣ್ಣಿನ ತಪಾಸಣೆ ಮೊದಲೇ ಆಗಿರಬೇಕು. ಗೌಟ್ ಇದ್ದವರಿಗೆ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ಅದು ಕೆರಳುವುದುಂಟು.

ನಿಲ್ಲದ ವಾಂತಿ ಮತ್ತು ಥಯಮಿನ್

ಈ ಲೇಖನದಲ್ಲಿ ಒಂದೇ ಒಂದು ವಿಷಯವನ್ನು ನೆನಪಿಡಬೇಕೆಂದರೆ ಅದು ಇದು. ಥಯಮಿನ್, ಎಂದರೆ ಬಿ1 ಜೀವಸತ್ವ, ದೇಹದಲ್ಲಿ ಎರಡು ಮೂರು ವಾರಗಳಿಗಾಗುವಷ್ಟು ಮಾತ್ರ ಸಂಗ್ರಹವಿರುತ್ತದೆ. ಶಸ್ತ್ರಚಿಕಿತ್ಸೆಯಾದ ಒಂದರಿಂದ ಮೂರು ತಿಂಗಳೊಳಗೆ ಯಾರಿಗಾದರೂ ತಿಂದದ್ದೆಲ್ಲ ವಾಂತಿಯಾಗುತ್ತ ದಿನಗಳು ಕಳೆದರೆ ಆ ಸಂಗ್ರಹ ಬರಿದಾಗುತ್ತದೆ. ಆಗ ಬರುವುದು ವರ್ನಿಕೆ ಎನ್ಸೆಫಲೋಪತಿ. ಜರ್ಮನಿಯ ಕಾರ್ಲ್ ವರ್ನಿಕೆ 1881ರಲ್ಲಿ ವರ್ಣಿಸಿದ ಈ ಮಿದುಳಿನ ಕಾಯಿಲೆಯಲ್ಲಿ ಒಂದು ವಸ್ತು ಎರಡಾಗಿ ಕಾಣುತ್ತದೆ, ಕಣ್ಣುಗುಡ್ಡೆ ತುಯ್ದಾಡುತ್ತದೆ, ನಡಿಗೆ ತೂರಾಡುತ್ತದೆ, ಮನಸ್ಸಿಗೆ ಮಬ್ಬು ಕವಿಯುತ್ತದೆ. ಎಲ್ಲ ಲಕ್ಷಣಗಳೂ ಒಟ್ಟಿಗೆ ಬರುವುದು ಅಪರೂಪ. ಒಂದೇ ಲಕ್ಷಣ ಕಂಡಾಗಲೂ ಅನುಮಾನಿಸಬೇಕು.

ವಾಂತಿಯಾಗಿ ಸುಸ್ತಾದವರಿಗೆ ನಮ್ಮ ಊರುಗಳ ಕ್ಲಿನಿಕ್ಕುಗಳಲ್ಲಿ ಮೊದಲು ಏರಿಸುವುದು ಗ್ಲೂಕೋಸ್ ಬಾಟಲಿ. ಗ್ಲೂಕೋಸನ್ನು ದೇಹ ಬಳಸಿಕೊಳ್ಳಲು ಥಯಮಿನ್ ಬೇಕು. ಇರುವ ಚೂರುಪಾರೂ ಅದಕ್ಕೆ ಖರ್ಚಾಗಿ ರೋಗಿ ಇನ್ನಷ್ಟು ಕೆಡುತ್ತಾರೆ. ಆದ್ದರಿಂದ ಥಯಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾಯುವಂತಿಲ್ಲ. ತಡವಾದರೆ ನೆನಪಿನ ಶಕ್ತಿ ಮರಳದಂತೆ ಹೋಗುವ ಕೊರ್ಸಕಾಫ್ ಸ್ಥಿತಿ ಉಳಿದುಬಿಡಬಹುದು. ಇದು ಅಗ್ಗದ, ಎಲ್ಲೆಡೆ ಸಿಗುವ ಔಷಧಿ. ಇಂಥ ಔಷಧಿ ಸಕಾಲಕ್ಕೆ ಸಿಗದೆ ಒಬ್ಬರ ನೆನಪು ಅಳಿಸಿಹೋಗುವುದಕ್ಕಿಂತ ಸಂಕಟದ ಸಂಗತಿ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಥಯಮಿನ್ ಕೊಡುತ್ತಲೇ ವಾಂತಿಯ ಮೂಲವನ್ನೂ ಹುಡುಕಬೇಕು. ಜೋಡಣೆಯ ಬಾಯಿ ಕಿರಿದಾಗಿದ್ದರೆ ಎಂಡೋಸ್ಕೋಪಿಯಲ್ಲಿ ಬಲೂನು ಉಬ್ಬಿಸಿ ಹಿಗ್ಗಿಸಬಹುದು.

ಜೀವಸತ್ವ ಮತ್ತು ಖನಿಜಗಳ ಕೊರತೆ

ಕಬ್ಬಿಣ ಹೆಚ್ಚಾಗಿ ಹೀರಿಕೆಯಾಗುವುದು ಜಠರಕ್ಕೆ ತಾಗಿದ ಡಿಯೋಡಿನಮ್ ಎಂಬ ಕರುಳಿನ ಮೊದಲ ಭಾಗದಲ್ಲಿ. ಅದಕ್ಕೆ ಜಠರದ ಆಮ್ಲದ ನೆರವೂ ಬೇಕು. ಬೈಪಾಸಿನಲ್ಲಿ ಆಹಾರ ಆ ಭಾಗವನ್ನು ಮುಟ್ಟುವುದೇ ಇಲ್ಲ, ಆಮ್ಲವೂ ಕಡಿಮೆ. ಇದರಿಂದಾಗುವ ರಕ್ತಹೀನತೆಯ ಹೊರೆ ಭಾರತದಲ್ಲಿ ಇನ್ನೂ ಹೆಚ್ಚು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಈ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಹೆಚ್ಚಿನವರೂ ಹೆಂಗಸರೇ. ಮುಟ್ಟಾಗುವ ವಯಸ್ಸಿನವರಿಗೆ ದಿನಕ್ಕೆ 45ರಿಂದ 60 ಮಿಲಿಗ್ರಾಂ ಕಬ್ಬಿಣ ಬೇಕೆಂದು ಅಮೆರಿಕದ ಬೇರಿಯಾಟ್ರಿಕ್ ಶಸ್ತ್ರವೈದ್ಯರ ಸಂಘದ ಮಾರ್ಗಸೂಚಿ ಹೇಳುತ್ತದೆ. ಊಟವಾದ ತಕ್ಷಣ ಕಾಫಿ ಟೀ ಕುಡಿಯುವ ರೂಢಿ ಕಬ್ಬಿಣದ ಹೀರಿಕೆಗೆ ಅಡ್ಡಿ. ಮಾತ್ರೆಗೆ ಜಗ್ಗದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ಬರಿಯ ಹಿಮೋಗ್ಲೋಬಿನ್ ನೋಡಿ ಸಮಾಧಾನಪಟ್ಟುಕೊಳ್ಳಬಾರದು, ದಾಸ್ತಾನನ್ನು ತೋರಿಸುವ ಫೆರಿಟಿನ್ ಅದಕ್ಕೂ ಮೊದಲೇ ಇಳಿದಿರುತ್ತದೆ.

ಬಿ12 ಹೀರಿಕೆಯಾಗಲು ಜಠರದ ಗೋಡೆ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನು ಬೇಕು, ಶಸ್ತ್ರಚಿಕಿತ್ಸೆಯ ನಂತರ ಅದರ ನೆರವು ಸಾಲದಾಗುತ್ತದೆ. ಮಾಂಸಾಹಾರಿಗಳ ಪಿತ್ತಜನಕಾಂಗದಲ್ಲಿ ಕೆಲವು ವರ್ಷಗಳಿಗಾಗುವಷ್ಟು ಬಿ12 ಇರುವುದರಿಂದ ಕೊರತೆ ನಿಧಾನವಾಗಿ ಬರುತ್ತದೆ. ಹಾಲು ಮೊಸರನ್ನೇ ನೆಚ್ಚಿದ ಸಸ್ಯಾಹಾರಿಗಳಲ್ಲಿ ಈ ಸಂಗ್ರಹ ಮೊದಲೇ ತೆಳು, ಹಾಗಾಗಿ ಅವರಿಗೆ ಅಷ್ಟು ಕಾಲಾವಕಾಶವಿಲ್ಲ. ಅಂಗಾಲು ಜೋಮು ಹಿಡಿಯುವುದು, ಕತ್ತಲಲ್ಲಿ ನಡೆಯುವಾಗ ಸಮತೋಲ ತಪ್ಪುವುದು, ನಾಲಿಗೆ ಉರಿ, ಮರೆವು ಇದರ ಸೂಚನೆಗಳು. ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ ಮಾತ್ರೆ ಅಥವಾ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಇಂಜೆಕ್ಷನ್ ರೂಢಿಯಲ್ಲಿದೆ. ಬಿ12 ಸರಿಯಿದ್ದೂ ಇದೇ ಲಕ್ಷಣಗಳು ಮುಂದುವರಿದರೆ ತಾಮ್ರದ ಕೊರತೆಯನ್ನು ನೋಡಬೇಕು. ಅದೂ ಬೆನ್ನುಹುರಿಯನ್ನು ಹಾಗೆಯೇ ಕೆಡಿಸುತ್ತದೆ. ಕೂದಲು ಉದುರುತ್ತದೆಂದು ಜಿಂಕ್ ಮಾತ್ರೆಗಳನ್ನು ಮನಸ್ಸಿಗೆ ಬಂದಷ್ಟು ನುಂಗುವವರಲ್ಲಿ ತಾಮ್ರ ಇನ್ನೂ ಇಳಿಯುತ್ತದೆ. ಅಂದಹಾಗೆ, ಮೂರರಿಂದ ಆರನೆಯ ತಿಂಗಳಲ್ಲಿ ಕೂದಲು ಉದುರುವುದು ಬಹುಪಾಲು ತಾತ್ಕಾಲಿಕ. ತೂಕ ದಿಢೀರನೆ ಇಳಿದಾಗ ಕೂದಲ ಬುಡಗಳು ಒಟ್ಟಿಗೆ ವಿಶ್ರಾಂತಿಯ ಹಂತಕ್ಕೆ ಹೋಗುವುದು ಇದಕ್ಕೆ ಕಾರಣ. ಪ್ರೋಟೀನು, ಕಬ್ಬಿಣ ಸರಿಯಿದ್ದರೆ ಕೂದಲು ಮತ್ತೆ ಬರುತ್ತದೆ.

ಪ್ರೋಟೀನಿನ ವಿಚಾರ ದಕ್ಷಿಣ ಭಾರತದ ಅಡುಗೆಮನೆಗೆ ಸವಾಲಿನದು. ದಿನಕ್ಕೆ 60ರಿಂದ 80 ಗ್ರಾಂ ಬೇಕು. ಹೊಟ್ಟೆಗೆ ಹಿಡಿಸುವುದು ಒಂದು ಪುಟ್ಟ ಬಟ್ಟಲಿನಷ್ಟು. ಅನ್ನ ಸಾರಿಗೆ ಆ ಜಾಗ ಕೊಟ್ಟರೆ ಪ್ರೋಟೀನಿಗೆ ಜಾಗ ಉಳಿಯುವುದಿಲ್ಲ. ಮೊಟ್ಟೆ, ಮೀನು, ಕೋಳಿ, ಪನೀರು, ಗಟ್ಟಿ ಮೊಸರು, ಬೇಯಿಸಿದ ಕಾಳುಗಳನ್ನು ಮೊದಲು ತಿಂದು ಉಳಿದದ್ದನ್ನು ಆಮೇಲೆ ತಿನ್ನುವ ಕ್ರಮ ಕಲಿಯಬೇಕಾಗುತ್ತದೆ. ಹಳೇ ಮೈಸೂರು ಸೀಮೆಯವರಿಗೆ ಇನ್ನೊಂದು ಕಷ್ಟವಿದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಶಸ್ತ್ರಚಿಕಿತ್ಸೆಯ ನಂತರ ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಲೇಬೇಕು, ಇಲ್ಲದಿದ್ದರೆ ಎದೆಯಲ್ಲಿ ಸಿಕ್ಕಿಕೊಂಡು ವಾಂತಿಯಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಅಷ್ಟು ರಾಗಿ ಈಗ ಹೊಟ್ಟೆಗೆ ಹಿಡಿಸುವುದಿಲ್ಲ, ಅದರಲ್ಲಿರುವ ಫೈಟೇಟು ಹೀರಿಕೆಯನ್ನೂ ತಗ್ಗಿಸುತ್ತದೆ. ಆದ್ದರಿಂದ ರಾಗಿ ಗಂಜಿ ಕುಡಿಯುತ್ತೇನಲ್ಲ ಎಂದು ಕ್ಯಾಲ್ಸಿಯಂ ಮಾತ್ರೆ ಬಿಡುವಂತಿಲ್ಲ.

ಮೂಳೆ ಸವೆತ ವರ್ಷಗಳ ಕಾಲ ಸದ್ದಿಲ್ಲದೆ ನಡೆಯುತ್ತದೆ. ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವ ಸಾಲದಾದಾಗ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಕೊಡುತ್ತವೆ. ರಕ್ತದ ಕ್ಯಾಲ್ಸಿಯಂ ಸರಿಯಾಗಿಯೇ ಕಾಣುವುದರಿಂದ ವರದಿ ನೋಡಿದವರು ಮೋಸಹೋಗುತ್ತಾರೆ. ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಆಮ್ಲ ಕಡಿಮೆಯಿದ್ದರೂ ಹೀರಿಕೆಯಾಗುವ ಸಿಟ್ರೇಟ್ ರೂಪ, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಾರ್ಬೊನೇಟಿಗಿಂತ ಒಳ್ಳೆಯದು. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆಯಾದರೂ ಅಂತರವಿರಬೇಕು.

ಊಟದ ನಂತರದ ತೊಂದರೆಗಳು

ಸಿಹಿ ಪದಾರ್ಥ ಜಠರದಲ್ಲಿ ನಿಲ್ಲದೆ ನೇರ ಕರುಳಿಗೆ ಸುರಿದಾಗ ಕರುಳು ರಕ್ತದಿಂದ ನೀರನ್ನು ಸೆಳೆದುಕೊಳ್ಳುತ್ತದೆ. ಊಟವಾದ ಹತ್ತರಿಂದ ಮೂವತ್ತು ನಿಮಿಷದಲ್ಲಿ ಎದೆಬಡಿತ, ಬೆವರು, ಹೊಟ್ಟೆ ಮುರಿತ, ಭೇದಿ ಕಾಣಿಸುತ್ತವೆ. ಡಂಪಿಂಗ್ ಎಂದು ಕರೆಯುವ ಈ ತೊಂದರೆ ಜಠರದ ಹಳೆಯ ಶಸ್ತ್ರಚಿಕಿತ್ಸೆಗಳ ಕಾಲದಿಂದಲೂ ವೈದ್ಯರಿಗೆ ಗೊತ್ತು. ಪಾಯಸ, ಕಬ್ಬಿನ ಹಾಲು, ಹೋಳಿಗೆಯ ಜೊತೆಗಿನ ಕಾಯಿಹಾಲು ಇದನ್ನು ಥಟ್ಟನೆ ಎಬ್ಬಿಸುತ್ತವೆ. ಊಟದ ನಡುವೆ ನೀರು, ಮಜ್ಜಿಗೆ ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯುವುದು, ಸ್ವಲ್ಪ ಸ್ವಲ್ಪ ತಿನ್ನುವುದು, ಸಿಹಿ ಬಿಡುವುದು, ಇಷ್ಟರಿಂದಲೇ ಹೆಚ್ಚಿನವರಿಗೆ ಹತೋಟಿಗೆ ಬರುತ್ತದೆ.

ಇದಕ್ಕಿಂತ ಗಂಭೀರವಾದದ್ದು ಒಂದರಿಂದ ಮೂರು ಗಂಟೆಯ ನಂತರ ಸಕ್ಕರೆ ಕುಸಿಯುವುದು. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ಕಳೆದ ಮೇಲೆ ಇದು ಶುರುವಾಗುತ್ತದೆ. ಅನ್ನ, ಸಕ್ಕರೆ ಬೇಗನೆ ರಕ್ತಕ್ಕೆ ಸೇರಿದಾಗ ಕರುಳಿನ ಜಿಎಲ್‌ಪಿ-1 ಹಾರ್ಮೋನು ಮೇರೆಮೀರಿ ಏರಿ, ಮೇದೋಜೀರಕ ಗ್ರಂಥಿ ಬೇಕಾದ್ದಕ್ಕಿಂತ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. 2005ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ಇಂಥ ಆರು ರೋಗಿಗಳ ವಿವರ ಪ್ರಕಟಿಸಿದ ಮೇಲೆ ಇದರತ್ತ ಗಮನ ಹರಿಯಿತು. ಕೈನಡುಕ, ಮಾತು ತೊದಲುವುದು, ಗೊಂದಲ, ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು. ಸಕ್ಕರೆ ಕಾಯಿಲೆ ವಾಸಿಯಾದವರಿಗೆ ಸಕ್ಕರೆ ಕುಸಿಯುವುದೆಂದರೆ ಮನೆಯವರಿಗೆ ನಂಬಿಕೆ ಬರುವುದಿಲ್ಲ. ಟೆನ್ಷನ್, ಗಾಬರಿ ಎಂದು ತಳ್ಳಿಹಾಕುತ್ತಾರೆ. ಲಕ್ಷಣ ಕಂಡ ಗಳಿಗೆಯಲ್ಲೇ ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಟ್ಟುಕೊಳ್ಳಬೇಕು. ಸಿಹಿ ತಿಂದು ಅದನ್ನು ಸರಿಪಡಿಸುತ್ತ ಹೋದರೆ ಇನ್ನೊಂದು ಕುಸಿತಕ್ಕೆ ದಾರಿಯಾಗುತ್ತದೆ, ಆದ್ದರಿಂದ ಗ್ಲೂಕೋಸ್ ತೆಗೆದುಕೊಂಡ ಬಳಿಕ ಪ್ರೋಟೀನು ಇರುವ ಏನನ್ನಾದರೂ ತಿನ್ನಬೇಕು. ಪಿಷ್ಟ ಕಡಿಮೆ ಮಾಡಿದರೂ ನಿಲ್ಲದಿದ್ದರೆ ಅಕಾರ್ಬೋಸ್ ಮೊದಲಾದ ಔಷಧಿಗಳಿವೆ. ಇಂಥವರು ವಾಹನ ಓಡಿಸುವ ಮುನ್ನ ಸಕ್ಕರೆ ನೋಡಿಕೊಳ್ಳುವುದು ಲೇಸು. ಏಕಾದಶಿ, ರಂಜಾನ್ ಉಪವಾಸಗಳನ್ನು ವೈದ್ಯರ ಸಲಹೆಯಿಲ್ಲದೆ ಮಾಡಬಾರದು. ದಿನವಿಡೀ ಹಸಿದು ಒಮ್ಮೆಗೇ ಖರ್ಜೂರ, ಶರಬತ್ತು, ಸಿಹಿಯಿಂದ ಉಪವಾಸ ಮುರಿಯುವುದು ಈ ದೇಹಕ್ಕೆ ತುಂಬ ಕಷ್ಟ.

ಸ್ಲೀವ್ ಆದವರ ಮುಖ್ಯ ಗೋಳು ಎದೆಯುರಿ. ಕೊಳವೆಯಾದ ಜಠರದೊಳಗೆ ಒತ್ತಡ ಏರಿ ಆಮ್ಲ ಅನ್ನನಾಳಕ್ಕೆ ನುಗ್ಗುತ್ತದೆ. ಫಿನ್ಲೆಂಡಿನ ಸ್ಲೀವ್‌ಪಾಸ್ ಅಧ್ಯಯನದಲ್ಲಿ ಹತ್ತು ವರ್ಷಗಳ ನಂತರ ಎಂಡೋಸ್ಕೋಪಿ ಮಾಡಿದಾಗ ಸ್ಲೀವ್ ಆದವರಲ್ಲಿ ಶೇ. 31 ಮಂದಿಗೆ ಅನ್ನನಾಳದ ಉರಿಯೂತವಿತ್ತು, ಬೈಪಾಸ್ ಆದವರಲ್ಲಿ ಶೇ. 7 ಮಂದಿಗೆ. ಮೊದಲೇ ತೀವ್ರ ಎದೆಯುರಿ ಇದ್ದವರು ಯಾವ ವಿಧಾನ ಆರಿಸಿಕೊಳ್ಳಬೇಕೆಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಔಷಧಿಗೆ ಬಗ್ಗದಿದ್ದರೆ ಸ್ಲೀವನ್ನು ಬೈಪಾಸಿಗೆ ಬದಲಿಸುತ್ತಾರೆ.

ಹೊಟ್ಟೆನೋವು

ಕರ್ನಾಟಕದಲ್ಲಿ ಹೊಟ್ಟೆನೋವು ಎಂದರೆ ಮೊದಲ ಉತ್ತರ ‘ಗ್ಯಾಸ್ಟ್ರಿಕ್’. ಜೀರಿಗೆ ನೀರು, ಸೋಡಾ, ಅಂಗಡಿಯ ಆಮ್ಲದ ಮಾತ್ರೆ, ಹೀಗೆ ಎರಡು ದಿನ ಕಳೆದುಹೋಗುತ್ತದೆ. ಬೈಪಾಸ್ ಆದವರಿಗೆ ಈ ಎರಡು ದಿನ ಪ್ರಾಣಕ್ಕೆ ಎರವಾಗಬಹುದು. ಕರುಳನ್ನು ಹೊಸದಾಗಿ ಜೋಡಿಸಿದಾಗ ಅದರ ಪೊರೆಗಳ ನಡುವೆ ಕಿಂಡಿಗಳು ಉಳಿಯುತ್ತವೆ. ತೂಕ ಇಳಿದು ಒಳಗಿನ ಕೊಬ್ಬು ಕರಗಿದಂತೆ ಕಿಂಡಿಗಳು ದೊಡ್ಡದಾಗಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕರುಳು ಅದರೊಳಗೆ ನುಸುಳಿ ತಿರುಚಿಕೊಳ್ಳುತ್ತದೆ. ಇದು ಒಳ ಹರ್ನಿಯ. ಹೊರಗೆ ಉಬ್ಬು ಕಾಣುವುದಿಲ್ಲ. ರಕ್ತಪರೀಕ್ಷೆ, ಎಕ್ಸ್‌ರೇ ಸರಿಯಿರಬಹುದು. ನೋವು ಊಟದ ನಂತರ ಅಲೆ ಅಲೆಯಾಗಿ ಬಂದು ಬೆನ್ನಿಗೆ ಹರಿದು ತಾನಾಗಿ ಹೋಗಿಬಿಡಬಹುದು. ಹಾಗೆ ಹೋಗಿದ್ದರಿಂದಲೇ ಯಾರೂ ಲಕ್ಷ್ಯ ಮಾಡುವುದಿಲ್ಲ. ಸಿಟಿ ಸ್ಕ್ಯಾನಿನಲ್ಲಿ ರಕ್ತನಾಳಗಳು ಸುಳಿಯಂತೆ ಸುತ್ತಿಕೊಂಡದ್ದು ಕಂಡರೆ ಸಂಶಯ ಬಲವಾಗುತ್ತದೆ. ಸ್ಕ್ಯಾನ್ ಸರಿಯಿದ್ದೂ ನೋವು ಮರುಕಳಿಸಿದರೆ ಲ್ಯಾಪರೊಸ್ಕೋಪಿಯಿಂದ ಒಳಗೆ ನೋಡುವುದೇ ದಾರಿ. ಸ್ವೀಡನ್ನಿನಲ್ಲಿ 2,507 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಿಂಡಿಗಳನ್ನು ಮೊದಲೇ ಹೊಲಿದು ಮುಚ್ಚಿದವರಲ್ಲಿ ಮೂರು ವರ್ಷದೊಳಗೆ ಕರುಳು ಸಿಕ್ಕಿಕೊಂಡು ಮತ್ತೆ ಶಸ್ತ್ರಚಿಕಿತ್ಸೆ ಬೇಕಾದದ್ದು ಶೇ. 5.5 ಮಂದಿಗೆ, ಮುಚ್ಚದವರಲ್ಲಿ ಶೇ. 10.2 ಮಂದಿಗೆ. ಗರ್ಭಿಣಿಯರಲ್ಲಿ ಬೆಳೆಯುವ ಗರ್ಭಕೋಶ ಕರುಳನ್ನು ಮೇಲಕ್ಕೆ ತಳ್ಳುವುದರಿಂದ ಈ ಅಪಾಯ ಹೆಚ್ಚು. ಅವರ ನೋವನ್ನು ಬಸಿರಿನ ಸಹಜ ನೋವೆಂದು ಬಗೆಯುವುದು ತಾಯಿ ಮಗು ಇಬ್ಬರಿಗೂ ಅಪಾಯ.

ಜೋಡಣೆಯ ಜಾಗದಲ್ಲಿ ಆಗುವ ಹುಣ್ಣು ಇನ್ನೊಂದು ಕಾರಣ. ಬೀಡಿ ಸಿಗರೇಟು, ಹೆಲಿಕೊಬ್ಯಾಕ್ಟರ್ ಸೋಂಕು, ನೋವಿನ ಮಾತ್ರೆ ಇದನ್ನು ತರುತ್ತವೆ. ಮಂಡಿನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೇನ್ ಕೇಳಿದರೆ ಔಷಧಿ ಅಂಗಡಿಯವರು ಚೀಟಿಯಿಲ್ಲದೆ ಕೊಡುವುದು ಸಾಮಾನ್ಯ. ಬೈಪಾಸ್ ಆದವರು ಇವನ್ನು ಮುಟ್ಟದೆ ಪ್ಯಾರಾಸಿಟಮಾಲಿಗೆ ಅಂಟಿಕೊಳ್ಳಬೇಕು. ಹೃದಯಕ್ಕಾಗಿ ಆಸ್ಪಿರಿನ್ ಬೇಕಾದವರು ತಾವಾಗಿ ನಿಲ್ಲಿಸದೆ ವೈದ್ಯರೊಡನೆ ಮಾತಾಡಬೇಕು.

ತೂಕ ವೇಗವಾಗಿ ಇಳಿಯುವಾಗ ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಹೆಚ್ಚಾಗಿ ಪಿತ್ತಕೋಶದಲ್ಲಿ ಕಲ್ಲುಗಟ್ಟುತ್ತದೆ. 1995ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಔಷಧಿಯಿಲ್ಲದವರ ಪೈಕಿ ಶೇ. 32 ಮಂದಿಗೆ ಕಲ್ಲಾದರೆ, ಆರು ತಿಂಗಳು ದಿನಕ್ಕೆ 600 ಮಿಲಿಗ್ರಾಂ ಅರ್ಸೊಡಿಯಾಕ್ಸಿಕೋಲಿಕ್ ಆಮ್ಲ ತೆಗೆದುಕೊಂಡವರಲ್ಲಿ ಅದು ಶೇ. 2ಕ್ಕೆ ಇಳಿಯಿತು. ಬೈಪಾಸ್ ಆದ ಮೇಲೆ ಪಿತ್ತನಾಳದ ಕಲ್ಲನ್ನು ಬಾಯಿಯ ಮೂಲಕ ಎಂಡೋಸ್ಕೋಪಿಯಲ್ಲಿ ತೆಗೆಯುವ ಮಾಮೂಲಿ ದಾರಿ ಮುಚ್ಚಿಹೋಗಿರುತ್ತದೆ, ಆದ್ದರಿಂದ ತಡೆಗಟ್ಟುವುದಕ್ಕೆ ಇಲ್ಲಿ ಹೆಚ್ಚಿನ ಬೆಲೆ. ಮೂತ್ರಪಿಂಡದ ಕಲ್ಲಿನ ಬಗೆ ಬೇರೆ. ಹೀರಿಕೆಯಾಗದ ಕೊಬ್ಬು ಕರುಳಿನಲ್ಲಿ ಕ್ಯಾಲ್ಸಿಯಂ ಜೊತೆ ಸೇರಿಕೊಂಡಾಗ ಆಹಾರದಲ್ಲಿನ ಆಕ್ಸಲೇಟು ಒಂಟಿಯಾಗಿ ರಕ್ತ ಸೇರಿ ಮೂತ್ರಕ್ಕೆ ಬರುತ್ತದೆ. ನೀರು ಧಾರಾಳವಾಗಿ ಕುಡಿಯಬೇಕು, ಪಾಲಕ್, ಬಸಳೆಗಳನ್ನು ಮಿತವಾಗಿ ತಿನ್ನಬೇಕು.

ನರ, ಚರ್ಮ, ಕ್ಷಯ

ಮಂಡಿಯ ಹೊರಬದಿಯಲ್ಲಿ ಹಾದುಹೋಗುವ ನರಕ್ಕೆ ಕೊಬ್ಬೇ ಮೆತ್ತೆ. ಅದು ಕರಗಿದ ಮೇಲೆ ಕಾಲ ಮೇಲೆ ಕಾಲು ಹಾಕಿ ಬಹಳ ಹೊತ್ತು ಕುಳಿತರೆ, ಕುಕ್ಕರಗಾಲಿನಲ್ಲಿ ಕೆಲಸ ಮಾಡಿದರೆ ನರ ಒತ್ತಿಹೋಗಿ ಪಾದ ಎತ್ತಲಾಗದಂತಾಗುತ್ತದೆ. ಬೇಗ ಗುರುತಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಜೋತುಬಿದ್ದ ಚರ್ಮದ ಮಡಿಕೆಗಳಲ್ಲಿ ಬೆವರು ನಿಂತು ಹುಳುಕಡ್ಡಿ, ಹುಣ್ಣು ಆಗುವುದು ಬೇಸಿಗೆಯಲ್ಲಿ ದೊಡ್ಡ ಹಿಂಸೆ. ಹೆಚ್ಚುವರಿ ಚರ್ಮ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ತೂಕ ಸ್ಥಿರವಾದ ಮೇಲೆ ಮಾಡುತ್ತಾರೆ.

ನಮ್ಮ ದೇಶದಲ್ಲಿ ಕ್ಷಯವನ್ನು ಮರೆಯಬಾರದು. ಜಠರ ತೆಗೆಸಿಕೊಂಡವರಲ್ಲಿ, ಹಳೆಯ ಕಾಲದ ಕರುಳಿನ ಬೈಪಾಸ್ ಆದವರಲ್ಲಿ ಕ್ಷಯದ ಅಪಾಯ ಹೆಚ್ಚೆಂಬುದು ಬಹುಕಾಲದಿಂದ ತಿಳಿದ ವಿಷಯ. ತೂಕ ಇಳಿಯಲೆಂದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ತೂಕ ಇಳಿಯುತ್ತಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಸಂಜೆ ಜ್ವರ, ಎರಡು ವಾರ ಮೀರಿದ ಕೆಮ್ಮು, ನಿಂತಿದ್ದ ತೂಕ ಮತ್ತೆ ಜಾರುವುದು ಕಂಡರೆ ಪರೀಕ್ಷಿಸಲೇಬೇಕು.

ಮನಸ್ಸು, ಮದ್ಯ, ಮನೆ

ಬೈಪಾಸ್ ಆದವರಲ್ಲಿ ಮದ್ಯ ಬೇಗ ರಕ್ತಕ್ಕೇರುತ್ತದೆ, ಹೆಚ್ಚು ಏರುತ್ತದೆ, ನಿಧಾನ ಇಳಿಯುತ್ತದೆ. ಅಮೆರಿಕದ ಲ್ಯಾಬ್ಸ್-2 ಅಧ್ಯಯನದಲ್ಲಿ, ಮೊದಲು ಮದ್ಯದ ತೊಂದರೆ ಇಲ್ಲದಿದ್ದ ಬೈಪಾಸ್ ರೋಗಿಗಳಲ್ಲಿ ಐದು ವರ್ಷದೊಳಗೆ ಸುಮಾರು ಐವರಲ್ಲಿ ಒಬ್ಬರಿಗೆ ಅದರ ಲಕ್ಷಣಗಳು ಕಂಡವು. ಮೊದಲ ವರ್ಷ ಎಲ್ಲ ಸರಿಯಿದ್ದು ಎರಡನೆಯ ವರ್ಷದಿಂದ ಇದು ಏರುವುದರಿಂದ, ಆ ಹೊತ್ತಿಗೆ ತಪಾಸಣೆ ಬಿಟ್ಟವರು ಯಾರ ಕಣ್ಣಿಗೂ ಬೀಳುವುದಿಲ್ಲ. ಆತ್ಮಹಾನಿಯ ಪ್ರಯತ್ನಗಳೂ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಿದ್ದನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯದ ಅಧ್ಯಯನ 2016ರಲ್ಲಿ ತೋರಿಸಿತು. ಖಿನ್ನತೆ ಇದ್ದವರಿಗೆ ಮನೋವೈದ್ಯರ ಭೇಟಿ ತೂಕದ ತಪಾಸಣೆಯಷ್ಟೇ ಮುಖ್ಯ.

ಸುತ್ತಲಿನ ಜನರ ಮಾತೂ ಒಂದು ಹೊರೆ. ಮದುವೆ ಮನೆಯಲ್ಲಿ ‘ಇಷ್ಟೇನಾ ಊಟ, ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ’ ಎಂಬ ಒತ್ತಾಯ, ಬೀದಿಯಲ್ಲಿ ‘ಯಾಕ್ರೀ ಇಷ್ಟು ಸೊರಗಿದ್ದೀರಿ, ಶುಗರ್ ಬಂತಾ’ ಎಂಬ ಪ್ರಶ್ನೆ. ಇದಕ್ಕೆಲ್ಲ ಉತ್ತರ ಕೊಡಲಾರದೆ ಹಲವರು ಶಸ್ತ್ರಚಿಕಿತ್ಸೆಯನ್ನು ಮುಚ್ಚಿಡುತ್ತಾರೆ. ಡಯಟ್ ಮಾಡಿದೆ, ವಾಕಿಂಗ್ ಮಾಡಿದೆ ಎನ್ನುತ್ತಾರೆ. ನೆಂಟರಿಗೆ ಹೇಳದಿದ್ದರೆ ನಷ್ಟವೇನಿಲ್ಲ. ಅದೇ ಮೌನ ತುರ್ತು ಚಿಕಿತ್ಸಾ ಘಟಕದವರೆಗೆ ಬಂದಾಗ, ಲ್ಯಾಪರೊಸ್ಕೋಪಿಯ ಪುಟ್ಟ ಕಲೆಗಳನ್ನು ನೋಡಿದ ವೈದ್ಯರು ಪಿತ್ತಕೋಶ ತೆಗೆಸಿರಬೇಕೆಂದುಕೊಳ್ಳುತ್ತಾರೆ.

ಬಸಿರು

ತೂಕ ಇಳಿದಂತೆ ಅಂಡೋತ್ಪತ್ತಿ ಮರಳಿ ಸರಿಹೋಗುವುದರಿಂದ, ವರ್ಷಗಟ್ಟಲೆ ಮಕ್ಕಳಾಗದಿದ್ದವರು ಅನಿರೀಕ್ಷಿತವಾಗಿ ಗರ್ಭಿಣಿಯಾಗುತ್ತಾರೆ. 12ರಿಂದ 18 ತಿಂಗಳು ಕಾಯಬೇಕೆಂಬುದು ಸಾಮಾನ್ಯ ಸಲಹೆ; ಗರ್ಭನಿರೋಧಕ ಮಾತ್ರೆ ಬೈಪಾಸಿನ ನಂತರ ಪೂರ್ತಿ ಹೀರಿಕೆಯಾಗದಿರಬಹುದಾದ್ದರಿಂದ ಕಾಪರ್-ಟಿಯಂಥ ಬೇರೆ ವಿಧಾನ ಮೇಲು. ಸ್ವೀಡನ್ನಿನ 2015ರ ಅಧ್ಯಯನ ಇಂಥ ತಾಯಂದಿರಲ್ಲಿ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಕಡಿಮೆಯಾದುದನ್ನೂ, ವಯಸ್ಸಿಗೆ ತಕ್ಕಷ್ಟು ಬೆಳೆಯದ ಶಿಶುಗಳು ಹೆಚ್ಚಾದುದನ್ನೂ ಒಟ್ಟಿಗೇ ಕಂಡಿತು. ಎಲ್ಲ ಗರ್ಭಿಣಿಯರಿಗೂ ಮಾಡುವ ಗ್ಲೂಕೋಸ್ ಕುಡಿಸುವ ಪರೀಕ್ಷೆ ಇವರಿಗೆ ಡಂಪಿಂಗ್ ತರುತ್ತದೆ. ಅದರ ಬದಲು ಕೆಲವು ದಿನ ಮನೆಯಲ್ಲೇ ಗ್ಲೂಕೋಮೀಟರಿನಿಂದ ನೋಡುತ್ತಾರೆ.

ತಪಾಸಣೆಯ ವ್ಯವಸ್ಥೆ

ಮೊದಲ ವರ್ಷ ಮೂರು, ಆರು, ಹನ್ನೆರಡನೆಯ ತಿಂಗಳಲ್ಲಿ, ಆಮೇಲೆ ಬದುಕಿರುವಷ್ಟು ಕಾಲ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಆಗಬೇಕು. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ಡಿ ಜೀವಸತ್ವ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನು, ಆಲ್ಬುಮಿನ್, ಪಿತ್ತಜನಕಾಂಗ ಮತ್ತು ಮೂತ್ರಪಿಂಡದ ಪರೀಕ್ಷೆಗಳು ಇದರಲ್ಲಿ ಸೇರುತ್ತವೆ. ಕರುಳಿನ ಬಹುಭಾಗ ಬದಿಗಿಟ್ಟ ವಿಧಾನಗಳಲ್ಲಿ ಎ ಜೀವಸತ್ವ, ಜಿಂಕ್, ತಾಮ್ರವನ್ನೂ ನೋಡಬೇಕು; ಸಂಜೆಯಾದ ಮೇಲೆ ಕಣ್ಣು ಮಂಜಾದರೆ ಎ ಜೀವಸತ್ವದ ಕೊರತೆಯ ಸೂಚನೆ.

ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರದ ಈಗಿನ ನಿಯಮದಂತೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚಿ) 40 ಮುಟ್ಟಿದವರ, ಗಂಭೀರ ಜೊತೆಕಾಯಿಲೆಯಿದ್ದರೆ 35 ಮುಟ್ಟಿದವರ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗಬಹುದು. ಏಷ್ಯಾದವರಿಗೆ ಬೊಜ್ಜಿನ ಕೇಡು ಕಡಿಮೆ ತೂಕದಲ್ಲೇ ಶುರುವಾಗುವುದರಿಂದ, 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಅವರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಶೀಲಿಸಬಹುದು ಎನ್ನುತ್ತದೆ. ವಿಮೆಯ ಹಣ ಆಸ್ಪತ್ರೆಯಿಂದ ಬಿಡುಗಡೆಯಾದ ಕೆಲವು ವಾರಗಳಿಗೆ ಮುಗಿಯುತ್ತದೆ. ವರ್ಷವರ್ಷದ ರಕ್ತಪರೀಕ್ಷೆ, ತಿಂಗಳು ತಿಂಗಳ ಮಾತ್ರೆ ಹೊರರೋಗಿಯ ಖರ್ಚಾಗಿ ಸಾಮಾನ್ಯ ಪಾಲಿಸಿಯಿಂದ ಹೊರಗುಳಿಯುತ್ತವೆ. ಶಸ್ತ್ರಚಿಕಿತ್ಸೆಗೆ ಹಣ ಕೂಡಿಸುವಾಗಲೇ ಈ ಲೆಕ್ಕವನ್ನು ರೋಗಿಯ ಮುಂದೆ ಇಡುವುದು ಆಸ್ಪತ್ರೆಯ ಹೊಣೆ. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಬದುಕುವವರು ಪ್ರತಿ ಸಲ ಬೆಂಗಳೂರಿಗೆ ಬರಲಾರರು, ಬರಬೇಕಾದ ಅಗತ್ಯವೂ ಇಲ್ಲ. ಈ ಪರೀಕ್ಷೆಗಳಲ್ಲಿ ಬಹುಪಾಲನ್ನು ಜಿಲ್ಲಾ ಕೇಂದ್ರದಲ್ಲೇ ಮಾಡಿಸಿ, ಸ್ಥಳೀಯ ವೈದ್ಯರಿಗೆ ತೋರಿಸಬಹುದು.

ಅದಕ್ಕೆ ರೋಗಿಯ ಕೈಯಲ್ಲಿ ಒಂದು ಹಾಳೆ ಇರಬೇಕು: ಯಾವ ವಿಧಾನ, ಯಾವ ದಿನಾಂಕ, ಕರುಳಿನ ಎಷ್ಟು ಉದ್ದವನ್ನು ಬದಿಗಿಡಲಾಗಿದೆ, ಕಿಂಡಿಗಳನ್ನು ಮುಚ್ಚಲಾಗಿದೆಯೇ, ಈಗಿನ ಔಷಧಿಗಳೇನು, ಯಾವ ನೋವಿನ ಮಾತ್ರೆ ಕೊಡಬಾರದು, ವಾಂತಿಯಿದ್ದರೆ ಗ್ಲೂಕೋಸಿಗೆ ಮುಂಚೆ ಥಯಮಿನ್ ಕೊಡಬೇಕು, ತುರ್ತಿಗೆ ಯಾವ ಸಂಖ್ಯೆಗೆ ಕರೆ ಮಾಡಬೇಕು. ಬಿಡುಗಡೆ ಪತ್ರದ ಇಂಗ್ಲಿಷ್ ಸಂಕ್ಷೇಪಾಕ್ಷರಗಳು ಮನೆಯವರಿಗೆ ಅರ್ಥವಾಗುವುದಿಲ್ಲವಾದ್ದರಿಂದ ಇದು ಕನ್ನಡದಲ್ಲೂ ಇರಬೇಕು, ಮನೆಯ ಇನ್ನೊಬ್ಬರ ಫೋನಿನಲ್ಲೂ ಇದರ ಚಿತ್ರವಿರಬೇಕು. ರೋಗಿಗೆ ಪ್ರಜ್ಞೆ ತಪ್ಪಿದಾಗ ಅದನ್ನು ತೋರಿಸಬೇಕಾದವರು ಅವರೇ.